ಎಡಗೈ ಗೇರು

ಸೊಎ, ತಿಮೋರ್
2 ಫೆಬ್ರವರಿ 1993

ಮಾಸ್ ಸರ್ವೆದಿ ಅವರಿಗೆ,

ಸಮಸ್ತ ದ್ವೀಪಗಳ ಪ್ರಜೆಗಳಿಗೂ, ಮುಖ್ಯವಾಗಿ ಜಾವಾದ ಸಾಲಾತಿಗಾ ಪಟ್ಟಣದಲ್ಲಿ ಸೈಕಲ್ ಕಟ್ಟುತ್ತಾ ಕೂತಿರುವ ಮುಂಗೋಪಿಯೊಬ್ಬರಿಗೂ ಈ ಮೂಲಕ ಘೋಷಿಸುವುದೇನೆಂದರೆ: ಸೊಎ ಊರಿನ ಭೂಗೋಳದ ಮೇಷ್ಟ್ರು ಮೆಲ್ಕಿಯಾಸ್ ತೆಫಾ ಎಂಬ ನಾನು ಹನ್ನೆರಡು ದಿನ, ಊಟದ ಹೊತ್ತನ್ನೂ ಸೇರಿಸಿ, ಆಲೋಚನೆ ಮಾಡಿ ನನ್ನ ಸೈಕಲ್ಲಿನ ಗೇರ್ ಲಿವರುಗಳನ್ನು ಬದಲಾಯಿಸಲು ತೀರ್ಮಾನಿಸಿದ್ದೇನೆ. ಗಂಟೆ ಬಾರಿಸುವವರು ಬಾರಿಸಬಹುದು.

ಮೂರು ವರ್ಷದ ಕೆಳಗೆ ನೀವು ಈ ಸೈಕಲ್ ಕಟ್ಟಿಕೊಟ್ಟಾಗ ಲಿವರುಗಳನ್ನು ಮೊಣಕಾಲಿನ ಹತ್ತಿರ, ಫ್ರೇಮಿನ ಕೆಳಗಿಳಿಯುವ ಕೊಳವೆಯ ಮೇಲೆ ಕೂರಿಸಿದಿರಿ. ಗೇರು ಬದಲಿಸಬೇಕೆಂದರೆ ಬಲಗೈ ಹ್ಯಾಂಡಲ್ ಬಿಟ್ಟು, ಸೊಂಟ ಬಾಗಿಸಿ, ಹೆಬ್ಬೆರಳು ತೋರುಬೆರಳಿನಲ್ಲಿ ಅದನ್ನು ಹಿಡಿಯಬೇಕು. "ದೂರ ಹೋಗುವವನ ಕೈಗೆ ದಾರಿ ತಾನೇ ಗೊತ್ತಾಗುತ್ತೆ" ಅಂದಿರಿ. ಕೈಗೆ ಗೊತ್ತಾಯಿತು, ಒಪ್ಪಿದೆ. ಕಣ್ಣಿಗೆ ಗೊತ್ತಾಗಲಿಲ್ಲ. ಕೈ ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಹೊರಡುತ್ತದೆ.

ಆದ್ದರಿಂದ ಲಿವರುಗಳು ಹ್ಯಾಂಡಲ್ ಮೇಲೆ, ಹೆಬ್ಬೆರಳಿನ ಪಕ್ಕದಲ್ಲೇ ಇರಲಿ. ಈಗ ಬಂದಿರುವ ಹೊಸ ಬಗೆಯವು, ಒತ್ತಿದರೆ ಟಕ್ ಎಂದು ಗೇರು ತಾನೇ ಕೂರುತ್ತದಲ್ಲ, ಅವು. ಆಗಸ್ಟಿನಲ್ಲಿ ಫ್ಲೋರೆಸ್ ದ್ವೀಪವನ್ನು ಇಬ್ಬರೂ ಈ ತುದಿಯಿಂದ ಆ ತುದಿಗೆ ತುಳಿಯುವುದಿದೆಯಲ್ಲ. ಅದಕ್ಕೆ ಮುಂಚೆಯೇ ಬೇಕು. ಬೇಗ ಬೇಕು.

ನಿಮ್ಮ,
ಮೆಲ್ಕಿ

ಸಾಲಾತಿಗಾ
20 ಫೆಬ್ರವರಿ 1993

ಪಾಕ್ ಗುರು,

ನಿಮ್ಮ ಘೋಷಣೆ ತಲುಪಿತು. ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಮೊದಲು ಸುತ್ತಿಗೆ ಕೆಳಗಿಡಿ, ಆಮೇಲೆ ಓದಿ" ಅಂದಳು ರುಮಿನಿ. ಟಕ್ ಎಂಬ ಪದ ಬಂದಾಗ ನಾನು ಏನು ಮಾಡುತ್ತೇನೆಂದು ಅವಳಿಗೆ ಗೊತ್ತು.

ನೀವು ದೊಡ್ಡವರು, ಓದಿದವರು. ನಡುವೆ ನಾಲ್ಕು ಸಮುದ್ರ ಇರುವುದು ನಿಮ್ಮ ಪುಣ್ಯ. ಇಲ್ಲಿದ್ದಿದ್ದರೆ ನಿಮ್ಮ ಎರಡೂ ಕಿವಿ ಹಿಡಿದು ಕಬ್ಬಿಣ ಬಿಗಿಯುವ ವೈಸಿಗೆ ಸಿಕ್ಕಿಸಿ ತಿರುಗಿಸುತ್ತಿದ್ದೆ. ನನ್ನ ಲಿವರಿಗೆ ಸದ್ದಿಲ್ಲ. ಬೆರಳು ತಂತಿ ಎಳೆಯುತ್ತದೆ, ಚೈನು ಹಲ್ಲಿನ ಮೇಲೆ ಬಂದು ಕೂತದ್ದನ್ನು ಕಾಲು ಹೇಳುತ್ತದೆ. ಟಕ್ ಅನ್ನುವ ಲಿವರು ಒಂದು ದಿನ ಮಳೆಗೆ, ಧೂಳಿಗೆ ಕೆಟ್ಟರೆ ಫ್ಲೋರೆಸ್‌ನ ಬೆಟ್ಟದಲ್ಲಿ ಯಾರನ್ನು ಕರೆಯುತ್ತೀರಿ, ಪಾದ್ರಿಯನ್ನೇ?

ಇಲ್ಲಿಯ ಸೈಕಲ್ ಸಂಘದ ಅಧ್ಯಕ್ಷರು ಪಾಕ್ ವಿಗ್ನ್ಯೊ ಹೋದ ತಿಂಗಳು ಅಂಥದ್ದೇ ಟಕ್ ಲಿವರ್ ಹಾಕಿಸಿಕೊಂಡು ಅಂಗಡಿಗೆ ಬಂದರು. ಐದು ಜನ ಗಿರಾಕಿಗಳ ಎದುರಿಗೆ, ಯಾವಾಗಲೂ ಕರೆಯುವಂತೆ ನನ್ನ ಹೆಸರಿನ ಬಾಲ ಮಾತ್ರ ಹಿಡಿದು, "ದಿ, ನಿನ್ನ ಲಿವರ್‌ಗಳನ್ನ ಗಾಜಿನ ಪೆಟ್ಟಿಗೇಲಿಟ್ಟು ನೋಡೋಕೆ ಟಿಕೆಟ್ ಇಡು" ಅಂದರು. ಕೈಯಲ್ಲಿ ಫ್ರೀವೀಲ್ ಇತ್ತು. ಎಸೆದೆ. ಅವರು ಪಂಪು ಎತ್ತಿಕೊಂಡು ನನ್ನ ತಲೆ ಮೇಲೆ ಇಳಿಸಿದರು. ನನಗೆ ನಾಲ್ಕು ಹೊಲಿಗೆ, ಅವರಿಗೂ ಒಂದಿಷ್ಟು ಬ್ಯಾಂಡೇಜು. ಪಂದ್ಯ ಸಮ ಅಂತ ಗಿರಾಕಿಗಳ ತೀರ್ಪು.

ನಿಮಗೂ ಟಕ್ ಬೇಕಾದರೆ ಒಂದೇ ಒಂದು ಪ್ರಾಮಾಣಿಕ ಕಾರಣ ಬರೆಯಿರಿ. ಕಣ್ಣು, ಕೈ, ದಾರಿ ಎಂದು ಕವಿತೆ ಬೇಡ.

ಸರ್ವೆದಿ

ಸೊಎ
9 ಮಾರ್ಚ್ 1993

ಮಾಸ್ ಸರ್ವೆದಿ,

ಕಾರಣ ಹೊಟ್ಟೆ. ಪ್ರಾಮಾಣಿಕವಾಗಿ ಬರೆಯಿರಿ ಅಂದಿರಿ, ಮಾನ ಬಿಟ್ಟು ಬರೆದಿದ್ದೇನೆ. ಕ್ರಿಸ್‌ಮಸ್ಸಿಗೆ ಮಾವನ ಮನೆಯಲ್ಲಿ ಹೊಗೆಯಾಡಿಸಿದ ಹಂದಿಮಾಂಸ ತಿಂದವನು ಹೊಸ ವರ್ಷದ ತನಕ ಏಳಲೇ ಇಲ್ಲ. ಈಗ ಕೆಳಗಿನ ಲಿವರಿಗೆ ಬಾಗಿದರೆ ಹೊಟ್ಟೆ ಮೊದಲು ಅಲ್ಲಿಗೆ ತಲುಪುತ್ತದೆ.

ಇನ್ನೊಂದು ಸಣ್ಣ ಸಂಗತಿ. ಕಾಪನ್ ಸಂತೆಯಿಂದ ಇಳಿಯುವಾಗ, ಒಂದು ಗುರುವಾರ, ಗೇರಿಗೆ ಬಾಗಿದ್ದೆ. ಎಲೆಅಡಿಕೆ ಮಾರುವ ಅಜ್ಜಿಯೊಬ್ಬಳ ಬುಟ್ಟಿಗೆ ಸ್ವಲ್ಪ ತಗುಲಿತು. ಎಲೆ ಚೆಲ್ಲಿತು. ಅಂಥದ್ದೇನಲ್ಲ.

ಲಿವರು ಈ ತಿಂಗಳೇ ಹಡಗಿಗೆ ಹಾಕಿದರೆ ಒಳ್ಳೆಯದು. ಈ ಪತ್ರದ ಮೇಲೆ ಏನನ್ನೂ ಎಸೆಯಬೇಡಿ, ಹರಿದೀತು.

ಮೆಲ್ಕಿ

ಸಾಲಾತಿಗಾ
30 ಮಾರ್ಚ್ 1993

ಪಾಕ್ ಗುರು,

ಹೊಟ್ಟೆ ಎಂಬುದು ಒಪ್ಪತಕ್ಕ ಕಾರಣ. ರುಮಿನಿ ನಕ್ಕಿದ್ದು ಪಕ್ಕದ ಮಸೀದಿಗೆ ಕೇಳಿಸಿತು. ನಾನು ಸೋತೆ, ಬರೆದುಕೊಳ್ಳಿ. ಟಕ್ ಲಿವರ್ ಕಳಿಸುತ್ತೇನೆ. ಅದಕ್ಕೆ ಕೈ ಹಚ್ಚುವಾಗ ಗ್ಲೌಸ್ ಹಾಕಿಕೊಳ್ಳುತ್ತೇನೆ, ಅಷ್ಟೆ.

ಆದರೆ ಮೊನ್ನೆಯಷ್ಟೇ ಲೆಬಾರಾನ್ ಹಬ್ಬ ಮುಗಿದಿದೆ, ಅಂಗಡಿ ಬಾಗಿಲು ತೆಗೆದಿಲ್ಲ. ಸೆಮಾರಾಂಗಿನಿಂದ ಸಾಮಾನು ಬರಬೇಕು. ಮೇ ತಿಂಗಳು ಅಂದುಕೊಳ್ಳಿ. ಇಷ್ಟೊಂದು ಅವಸರ ಯಾಕೆ, ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೆ?

ಅಜ್ಜಿಗೆ ಎಲೆ ಹೆಕ್ಕಿ ಕೊಟ್ಟಿರಿ ತಾನೆ?

ಸರ್ವೆದಿ

ಸೊಎ
11 ಮೇ 1993

ಮಾಸ್,

ಟಕ್ ಬೇಡ. ಸದ್ದಿಲ್ಲದ ಹಳೆಯ ಬಗೆಯದೇ ಕಳಿಸಿ.

ಎರಡು ಲಿವರೂ ಎಡಗಡೆಗೆ ಇರಲಿ. ಎಡಗೈಗೇ.

ಯಾಕೆ ಅಂತ ಕೇಳಬೇಡಿ. ರುಮಿನಿ ಅತ್ತಿಗೆ ಕ್ಷೇಮವೇ?

ಮೆಲ್ಕಿ

ಸಾಲಾತಿಗಾ
28 ಮೇ 1993

ಮಹಾಪ್ರಭು ಪಾಕ್ ಗುರುಗಳಿಗೆ,

ಅಂತೂ ಶರಣಾದಿರಿ. ನಿಮ್ಮ ಪತ್ರವನ್ನು ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ, ಪಾಕ್ ವಿಗ್ನ್ಯೊ ಬಂದರೆ ಓದಲಿ ಅಂತ. "ಟಕ್ ಬೇಡ", ಸಹಿ, ಭೂಗೋಳದ ಮೇಷ್ಟ್ರು. ಭೂಗೋಳವೇ ನನ್ನ ಕಡೆಗಿದೆ ಅಂದ ಹಾಗೆ ಆಯಿತು.

ಅಕ್ಷರ ಮಾತ್ರ ಏನು ಸ್ವಾಮಿ ಅದು? ಕೋಳಿ ಮಸಿಯಲ್ಲಿ ಕಾಲದ್ದಿ ನಡೆದ ಹಾಗಿದೆ. ನಿಮ್ಮ ಕೈಯಲ್ಲಿ ಓದಿದ ಮಕ್ಕಳ ಗತಿ ಏನು? ತಾಳೆ ಹೆಂಡ ಕಡಿಮೆ ಮಾಡಿ.

ಇನ್ನು ಕೆಲಸದ ಮಾತು. ಎರಡನ್ನೂ ಎಡಕ್ಕೆ ಹಾಕಿಸಿಕೊಳ್ಳುವವರನ್ನು ಮೂವತ್ತು ವರ್ಷದಲ್ಲಿ ನಾನು ಕಂಡಿಲ್ಲ. ಬಲಗೈ ಏನು ಮಾಡುತ್ತದೆ, ಛತ್ರಿ ಹಿಡಿಯುತ್ತದೆಯೆ? ಆಗುತ್ತದೆ, ಒಂದರ ಮೇಲೊಂದು ಕೂರಿಸಿ ಒಂದೇ ಪಟ್ಟಿ ಬಿಗಿಯುತ್ತೇನೆ. ಆದರೆ ಮೂರು ಪ್ರಶ್ನೆಗೆ ಉತ್ತರ ಬೇಕು. ಬಲಗಡೆಯ ಬ್ರೇಕು ಅಲ್ಲೇ ಇರಲೋ? ಸಾಮಾನು ಎಷ್ಟು ಕೆಜಿ? ದಾರಿ ಎಂಥದ್ದು? ಗೇರಿನ ಹಲ್ಲು ಎಣಿಸಬೇಕು.

ಗೆದ್ದವನು,
ಸರ್ವೆದಿ

ಸೊಎ
15 ಜೂನ್ 1993

ಮಾಸ್,

ಬ್ರೇಕೂ ಎಡಕ್ಕೆ.

ಸಾಮಾನು ಇಲ್ಲ. ಚೀಲದ ಕಂಬಿ ಬಿಚ್ಚಿಟ್ಟಿದ್ದೇನೆ. ಮೇಲಿನ ಕೊಳವೆಗೆ ಒಂದು ಮಚ್ಚು ಸಿಕ್ಕಿಸಿಡುವಂಥ ಕೊಕ್ಕೆ ಮಾಡಿಕೊಡಿ, ಎಡಗೈಗೆ ಥಟ್ಟನೆ ಸಿಗುವ ಹಾಗೆ. ಸೌದೆಗೆ.

ದಾರಿ ಇಪ್ಪತ್ತೆರಡು ಕಿಲೋಮೀಟರು. ಕೊನೆಯ ಎರಡು ಕಿಲೋಮೀಟರು ಕಡಿದಾದ ಏರು, ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆಲ್ಲ ಮಂಜು ಕವಿಯುತ್ತದೆ. ಹತ್ತು ಮಾರು ಆಚೆ ಕಾಣುವುದಿಲ್ಲ, ಆದರೆ ಸೊಳ್ಳೆ ಹಾರಿದರೂ ಕೇಳಿಸುತ್ತದೆ. ಆ ಏರಿನಲ್ಲಿ ಗೇರು ಬದಲಿಸಿದ್ದು ಯಾರಿಗೂ ಕೇಳಿಸಬಾರದು. ಫ್ರೀವೀಲ್ ಕೂಡ ಟಿಕಟಿಕ ಅನ್ನದಂಥದ್ದು ಇದ್ದರೆ ಒಳ್ಳೆಯದು.

ಫ್ಲೋರೆಸ್ ಈ ಸಲ ಬೇಡ.

ಮೆಲ್ಕಿ

ಸಾಲಾತಿಗಾ
4 ಜುಲೈ 1993

ಮೆಲ್ಕಿ,

ನಿನ್ನ ಹಿಂದಿನ ಕಾಗದವನ್ನು ಗೋಡೆಯಿಂದ ತೆಗೆದೆ. ಪಾಕ್, ಗುರು, ಮಹಾಪ್ರಭು ಎಲ್ಲ ಬಿಟ್ಟಿದ್ದೇನೆ, ಬೇಜಾರಾದರೆ ಆಗಲಿ.

ನನಗೆ ಓದು ಅಷ್ಟಕ್ಕಷ್ಟೆ. ಆದರೆ ಒಬ್ಬ ತನ್ನ ಸೈಕಲ್ಲಿಗೆ ಏನೇನು ಬೇಕು ಎಂದು ಹೇಳಿದರೆ ಅವನು ಎಲ್ಲಿಗೆ ಹೊರಟಿದ್ದಾನೆ ಎಂಬುದು ನನಗೆ ತಿಳಿಯುತ್ತದೆ. ದೂರ ಹೋಗುವವನು ಮೊದಲು ಅಕ್ಕಿ ಎಲ್ಲಿಡಲಿ ಅಂತ ಕೇಳುತ್ತಾನೆ. ನೀನು ಚೀಲದ ಕಂಬಿಯನ್ನೇ ಬಿಚ್ಚಿದ್ದೀಯ. ಅನ್ನ ಇಲ್ಲ, ಗುಡಾರ ಇಲ್ಲ, ಮಚ್ಚು ಇದೆ. ಹೋಗುವ ದಾರಿಯನ್ನು ಮಂಜಿನ ಸಮೇತ ಬರೆದಿದ್ದೀಯ, ವಾಪಸು ಇಳಿಯುವ ಮಾತೇ ಇಲ್ಲ. ಇಳಿಯುವವನು ಬ್ರೇಕಿನ ವಿಷಯ ಎರಡೇ ಪದದಲ್ಲಿ ಮುಗಿಸುವುದಿಲ್ಲ. ಆ ಏರಿನ ತುದಿಯಲ್ಲಿ ಒಬ್ಬನ ಮನೆಯಿದೆ. ನಿನ್ನ ಬಲಗೈಯನ್ನು ಏನೋ ಮಾಡಿದ್ದು ಅವನೇ. ಕೋಳಿ ಕಾಲು ಎಂದು ನಕ್ಕಿದ್ದೆನಲ್ಲ, ಆ ಅಕ್ಷರ ಈಗ ಓದಲು ಆಗುತ್ತಿಲ್ಲ ನನಗೆ.

ಒಂದು ವಿಷಯ ನಿನಗೆ ಸುಳ್ಳು ಬರೆದಿದ್ದೆ. ಪಾಕ್ ವಿಗ್ನ್ಯೊ ಅವರಿಗೆ ಬರೀ ಬ್ಯಾಂಡೇಜಲ್ಲ. ಫ್ರೀವೀಲಿನ ಹಲ್ಲು ಎಡಗಣ್ಣಿಗೆ ಹೊಕ್ಕಿತು. ಅಂಗಡಿಯ ಸಿಮೆಂಟಿನ ಮೇಲೆ ಕೂತು, ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ದಿ, ಬೀಸೋ ಮೊದಲು ಒಂದು ಮಾತು ಹೇಳಬಾರದಿತ್ತೇನೋ, ಮುಖ ತಿರುಗಿಸ್ಕೋತಿದ್ದೆ" ಅಂದರು. ರಕ್ತ ಬೆರಳ ಸಂದಿಯಿಂದ ಮೊಣಕೈ ತನಕ ಇಳಿಯುತ್ತಿತ್ತು. ನಾನು ಆ ಫ್ರೀವೀಲನ್ನು ಹುಡುಕಿ ಒರೆಸುತ್ತಾ ನಿಂತಿದ್ದೆ, ಗೊತ್ತಾ? ಕಣ್ಣು ಹೋಯಿತು. ಈಗ ಶುಕ್ರವಾರದ ನಮಾಜು ಮುಗಿದ ಮೇಲೆ ಅವರ ಜತೆ ಸೈಕಲ್ ಹೊಡೆಯುತ್ತೇನೆ, ಅವರ ಎಡಗಡೆಗೇ. "ಎಡಕ್ಕೆ ಏನಿದೆ ದಿ?" ಅಂತ ಕೇಳುತ್ತಾರೆ. "ಕುದುರೆಗಾಡಿ", "ಸೋತೊ ಸಾರು ಮಾರೋನು", "ಏನಿಲ್ಲ" ಅಂತ ಹೇಳುತ್ತಿರುತ್ತೇನೆ. ಸಾಯುವವರೆಗೆ ಇದೇ ಕೆಲಸ. ನಿನಗೆ ಅದನ್ನು ಪಂಪು, ಹೊಲಿಗೆ ಸೇರಿಸಿ ಪಂದ್ಯ ಅಂತ ಬರೆದೆ, ನೀನು ನಗಲಿ ಅಂತ.

ಈಗ ಲಿವರಿನ ವಿಷಯ. ಸದ್ದಿಲ್ಲದ ಲಿವರು ಹದಿನಾಲ್ಕು ಜತೆ ಇಲ್ಲೇ ತೂಗುತ್ತಿವೆ. ಜನ್ಮಪೂರ್ತಿ ಅದನ್ನೇ ಹೊಗಳಿದವನು ನಾನು. ಒಂದನ್ನೂ ಕಳಿಸುವುದಿಲ್ಲ.

ಈ ಪಾರ್ಸೆಲಿನಲ್ಲಿರುವುದು ಟಕ್ ಲಿವರು. ಎರಡೂ ಎಡಕ್ಕೆ, ಒಂದೇ ಪಟ್ಟಿಯಲ್ಲಿ; ಬ್ರೇಕ್ ಹಿಡಿಯೂ ಒಂದೇ, ಎರಡು ತಂತಿ ಎಳೆಯುವಂಥದ್ದು. ಲಿವರಿನ ನಡುವೆ ಒಂದು ಬಳೆ ಇತ್ತು, ತಿರುಗಿಸಿದರೆ ಟಕ್ ನಿಲ್ಲುತ್ತಿತ್ತು. ಅದನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿದ್ದೇನೆ. ಒಳಗಿನ ಹಲ್ಲನ್ನು ಅರದಿಂದ ಉಜ್ಜಿ ಉಜ್ಜಿ ಸದ್ದನ್ನು ಇನ್ನಷ್ಟು ಜೋರು ಮಾಡಿದ್ದೇನೆ. ಒಮ್ಮೆ ಒತ್ತಿದ್ದಕ್ಕೆ ಅಡುಗೆಮನೆಯಿಂದ ರುಮಿನಿ "ಬೆರಳು ಮುರ್ಕೊಂಡ್ರಾ?" ಅಂತ ಕೂಗಿದಳು. ಮಚ್ಚಿನ ಕೊಕ್ಕೆಯ ಬದಲು ನೀರಿನ ಬಾಟಲಿ ಇಡುವ ಗೂಡು ಇದೆ. ಮಚ್ಚು ಅದರಲ್ಲಿ ನಿಲ್ಲುವುದಿಲ್ಲ, ಹಾಕಿ ನೋಡಿದ್ದೇನೆ.

ಬೇಡವೆಂದರೆ ಬಾವಿಗೆ ಎಸೆ, ನಡೆದುಕೊಂಡು ಹೋಗು. ಸೈಕಲ್ಲಿನಲ್ಲಿ ಹೋಗುವುದಾದರೆ ಅವನಿಗೆ ಕೇಳಿಸುವ ಹಾಗೆ ಹೋಗು.

ಸರ್ವೆದಿ

ಸೊಎ
23 ಆಗಸ್ಟ್ 1993

ಸರ್ವೆದಿ,

ಪಾರ್ಸೆಲ್ ಜುಲೈ ಇಪ್ಪತ್ತೇಳಕ್ಕೆ ಬಂತು. ನಿನ್ನ ಏಳು ತಲೆಮಾರನ್ನು ಬೈದುಕೊಂಡು, ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು, ಹಲ್ಲಿನಲ್ಲಿ ತಂತಿ ಕಚ್ಚಿಕೊಂಡು ಮೂರು ದಿನ ಕೂತು ಜೋಡಿಸಿದೆ. ಆ ಹಲ್ಲು ಈಗ ಇಲ್ಲ. ಅದರ ಕಥೆ ಮುಂದಿದೆ.

ಮೊದಲು ನನ್ನ ಸುಳ್ಳು. ಜನವರಿ ಇಪ್ಪತ್ತೊಂದು, ಸಂತೆಯ ಗುರುವಾರ. ಇಳಿಜಾರಿನ ತಿರುವು. ಲಿವರಿಗೆ ಬಾಗಿದ್ದೆ. ತಗುಲಿದ್ದು ಬುಟ್ಟಿಗಲ್ಲ, ಅಜ್ಜಿಗೆ. ಮಾಮಾ ಬೆಂದೆಲಿನಾ ಅಂತ. ಅವಳು ಬಿದ್ದಳು, ನಾನು ಬೀಳಲಿಲ್ಲ. ತಿರುಗಿ ನೋಡಿದೆ. ರಸ್ತೆ ಮೇಲೆ ಕೂತು ಅಡಿಕೆ ಹೆಕ್ಕುತ್ತಿದ್ದಳು. ಕೂತಿದ್ದಾಳಲ್ಲ, ಹಾಗಾದರೆ ಏನೂ ಆಗಿಲ್ಲ ಅಂದುಕೊಂಡು ತುಳಿದೆ. ಸೊಂಟ ಮುರಿದಿತ್ತು. ಎದ್ದೇಳಲು ಆಗದೆ ಕೂತಿದ್ದಳು. ಈಸ್ಟರ್ ವಾರದಲ್ಲಿ ತೀರಿಕೊಂಡಳು.

ಅವಳು ತೀರಿಕೊಂಡ ಒಂಬತ್ತು ದಿನದ ಮೇಲೆ ಅವಳ ಮಗ ನಿಮ್ರೊತ್ ತಮ್ಮಂದಿರಿಬ್ಬರನ್ನು ಕರೆದುಕೊಂಡು ನನ್ನ ಹಿತ್ತಲಿಗೆ ಬಂದ. ಈ ಬೆಟ್ಟದಲ್ಲೆಲ್ಲ ಗೇರಿನ ಸೈಕಲ್ ಇರುವುದು ಒಂದೇ. ತಮ್ಮಂದಿರು ನನ್ನನ್ನು ಸೌದೆ ಕೊರಡಿನ ಮುಂದೆ ಕೂರಿಸಿದರು. "ಮೇಷ್ಟ್ರೇ, ಹ್ಯಾಂಡಲ್ ಬಿಟ್ಟಿದ್ದು ಯಾವ ಕೈ?" ಅಂದ. ಬಲಗೈ ಎತ್ತಿದೆ, ತರಗತಿಯ ಹುಡುಗರ ಹಾಗೆ. "ಲಿವರ್ ಹಿಡ್ಕೊಂಡಿದ್ದು ಯಾವ ಬೆರಳು?" ತೋರಿಸಿದೆ. ತೋರುಬೆರಳು ಒಂದೇ ಏಟಿಗೆ ಹೋಯಿತು. ಹೆಬ್ಬೆರಳಿಗೆ ಮೂರು ಏಟು ಬೇಕಾಯಿತು. ಮಚ್ಚು ಮೊಂಡಾಗಿತ್ತು, ಅದಕ್ಕೆ ಅವನು ಕ್ಷಮೆಯನ್ನೂ ಕೇಳಿದ. ಪೊಲೀಸರಿಗೆ ಸೌದೆ ಸೀಳುವಾಗ ಆಯಿತು ಅಂದೆ. ಇಲ್ಲವಾದರೆ ಅಜ್ಜಿಯ ವಿಷಯ ಹೇಳಬೇಕಾಗುತ್ತಿತ್ತು.

ಇನ್ನು ನೀನು ಊಹಿಸಿದ ದಿನ. ಜುಲೈ ಮೂವತ್ತೊಂದು, ಶನಿವಾರ. ಬಾಟಲಿ ಗೂಡಿನಲ್ಲಿ ಮಚ್ಚು ನಿಲ್ಲಲಿಲ್ಲ, ನಿನ್ನ ಮಾತು ನಿಜ. ಬೆನ್ನಿಗೆ ಕಟ್ಟಿಕೊಂಡೆ. ಏರಿನ ಬುಡದಲ್ಲಿ ಚರ್ಚಿದೆ. ನಾನೇನು ದಡ್ಡನಲ್ಲ, ಅಲ್ಲೇ ಅತಿ ಹಗುರದ ಗೇರಿಗೆ ಹಾಕಿಬಿಟ್ಟೆ. ಇನ್ನು ಎರಡು ಕಿಲೋಮೀಟರು ಲಿವರ್ ಮುಟ್ಟುವ ಅಗತ್ಯವೇ ಇಲ್ಲ. ಸಾಲಾತಿಗಾದವನ ಬುದ್ಧಿವಂತಿಕೆಯನ್ನು ಹಾಗೆ ಸೋಲಿಸಿ, ಮಂಜಿನೊಳಗೆ ತುಳಿದೆ.

ಅಜ್ಜಿ ಬಿದ್ದ ತಿರುವು ಬಂತು. ಲಿವರ್ ಒತ್ತಿದೆ. ಕೈ ತಪ್ಪಿ ಅಲ್ಲ, ನಾನೇ ಒತ್ತಿದೆ. ಟಕ್. ಗೇರು ಭಾರವಾಗಿ ಮೊಣಕಾಲು ನನ್ನನ್ನು ಬೈಯಿತು. ವಾಪಸು ತಂದೆ, ಟಕ್. ಮತ್ತೆ ಒತ್ತಿದೆ. ಮೇಲೆ ನಾಯಿಗಳು ಎದ್ದವು.

"ಯಾವನೋ ಅದು ಟಕ್ ಟಕ್ ಅನ್ನಿಸ್ತಿರೋನು?"

"ನಾನು. ಮೇಷ್ಟ್ರು."

"ಒಬ್ರೇನಾ?"

"ಒಬ್ನೇ."

"ಮಚ್ಚು?"

"ಬೆನ್ನ ಮೇಲಿದೆ."

ನಿಮ್ರೊತ್ ಮಂಜಿನಿಂದ ಹೊರಗೆ ಬಂದ. ಕೈಯಲ್ಲಿ ಹಂದಿಯ ಮೇವು ಕಲಸುವ ದೊಣ್ಣೆ. "ನಾನು ಹಂದಿಗೆ ಹಾಕ್ತಾ ಬಗ್ಗಿದ್ದೆ, ಬೆನ್ನು ಈ ಕಡೆ ಇತ್ತು. ಸುಮ್ನೆ ಬಂದಿದ್ರೆ ನನಗೆ ಗೊತ್ತೂ ಆಗ್ತಿರ್ಲಿಲ್ಲ. ಮೇಷ್ಟ್ರಾಗಿ ಇಷ್ಟು ತಲೆ ಇಲ್ವಾ ನಿಮಗೆ?"

"ಲಿವರ್ ಹೀಗೆ ಮಾಡಿ ಕಳ್ಸಿದಾನೆ, ಜಾವಾದಲ್ಲಿ ಒಬ್ಬ ದರಿದ್ರದವನು."

ಆಮೇಲೆ ಹೇಳಿದೆ. ಅವನಿಗೆ ಅಷ್ಟು ದಿನ ಗೊತ್ತಿರಲಿಲ್ಲ, ಸರ್ವೆದಿ. ಮೇಷ್ಟ್ರು ಗಮನಿಸದೆ ಹೋಗಿಬಿಟ್ಟರು ಅಂತಲೇ ಅವನು ಅಂದುಕೊಂಡಿದ್ದ. ಬೆರಳು ಕಡಿದದ್ದೂ ಆ ಲೆಕ್ಕಕ್ಕೇ. "ತಿರುಗಿ ನೋಡ್ದೆ ನಿಮ್ರೊತ್. ಅವಳು ಕೂತಿದ್ದನ್ನ ನೋಡ್ದೆ. ನೋಡೇ ಹೋದೆ" ಅಂದೆ.

ದೊಣ್ಣೆ ಬಾಯಿಗೆ ಬಿತ್ತು. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಎರಡನೆಯದು ಭುಜಕ್ಕೆ, ಮೂರನೆಯದು ಮೊಣಕಾಲಿಗೆ. ಸೈಕಲ್ ಸಮೇತ ಬಿದ್ದೆ. ಅವನು ನಾಲ್ಕನೆಯದಕ್ಕೆ ಎತ್ತಿದ. ನನ್ನ ಎಡಗೈ ಅಷ್ಟರಲ್ಲಿ ಮಚ್ಚಿನ ಹಿಡಿಗೆ ಹೋಗಿತ್ತು. ಅವನ ಕಾಲು ನನ್ನ ಮುಖದ ಹತ್ತಿರವೇ ಇತ್ತು, ಹಿಮ್ಮಡಿಯ ನರ ಕಾಣುವಷ್ಟು. ಒಂದೇ ಏಟು ಸಾಕಿತ್ತು.

ಅವನು ದೊಣ್ಣೆ ಎತ್ತಿಕೊಂಡೇ ಅಂದ: "ಅಮ್ಮ ಸಾಯೋ ಮುಂಚೆ ಏನಂದ್ಲು ಗೊತ್ತಾ? ಮೇಷ್ಟ್ರು ಏನೋ ಕಳ್ಕೊಂಡೋರ ಹಾಗೆ ಕೆಳಗೆ ನೋಡ್ತಾ ಬಂದ್ರು, ಪಾಪ, ಸಿಕ್ತೋ ಇಲ್ವೋ ಅಂದ್ಲು."

ನನ್ನ ಕೈ ಹಿಡಿಯಿಂದ ತಾನಾಗಿ ಜಾರಿತು. ಅವನ ಕೈ ಯಾಕೆ ಇಳಿಯಿತು ಅಂತ ನಾನು ಕೇಳಲಿಲ್ಲ.

ಜೇಬಿನಲ್ಲಿ ಎಲೆಅಡಿಕೆಯ ಚೀಲವಿತ್ತು. ಹೊರಡುವಾಗ ಅದನ್ನೂ ಯಾಕೆ ಇಟ್ಟುಕೊಂಡಿದ್ದೆನೋ, ದೇವರೇ ಬಲ್ಲ. ನಮ್ಮಲ್ಲಿ ಅದನ್ನು ಮುಂದಿಡದೆ ದೊಡ್ಡ ಮಾತು ಆಡುವುದಿಲ್ಲ. ಬಿದ್ದಲ್ಲಿಂದಲೇ ಚಾಚಿದೆ. ನಿಮ್ರೊತ್ ಅದನ್ನು ನೋಡಿ ಮುಖ ಗಂಟಿಕ್ಕಿದ.

"ಎಡಗೈಲಿ ಕೊಡ್ತೀರಾ?"

"ಬಲಗೈ ನೀನೇ ತಗೊಂಡಿದೀಯಲ್ಲ."

ಹಿಂದೆ ಹಂದಿಗಳು ಮೇವಿಗೆ ಜಗಳವಾಡುತ್ತಿದ್ದವು. ಕೊನೆಗೆ ಚೀಲ ತೆಗೆದುಕೊಂಡ. ಬಾಯಿಗೆ ಹಾಕಲಿಲ್ಲ, ಜೇಬಿಗೆ ಹಾಕಿದ. ಹಾಗೆ ಮಾಡಿದರೆ ನಮ್ಮಲ್ಲಿ ಹೌದೂ ಅಲ್ಲ, ಅಲ್ಲವೂ ಅಲ್ಲ. ಸೈಕಲ್ ಎತ್ತಿ ನಿಲ್ಲಿಸಿ ಲಿವರನ್ನು ತಾನೇ ಒತ್ತಿ ನೋಡಿದ. "ಗುರುವಾರ ಆ ತಿರುವಲ್ಲಿ ಇಳಿಯೋವಾಗ ಇದನ್ನ ಒತ್ತಿ. ಹೆಂಗಸರು ಬುಟ್ಟಿ ಹೊತ್ಕೊಂಡು ಬರ್ತಿರ್ತಾರೆ" ಅಂದ. ಮಚ್ಚು ಅಲ್ಲೇ ಉಳಿಯಿತು. ಅದರಲ್ಲಿ ಈಗ ಹಂದಿಗೆ ಬಾಳೆದಿಂಡು ಕೊಚ್ಚುತ್ತಾನಂತೆ. ನನ್ನದು ಮೊಂಡಲ್ಲ ಎಂಬುದಕ್ಕೆ ಸ್ವಲ್ಪ ಹೆಮ್ಮೆಯಿದೆ.

ಮೊಣಕಾಲಿನ ಊತ ಇಳಿದ ಮೇಲೆ, ಹೋದ ಗುರುವಾರ ಸಂತೆಗೆ ಹೋಗಿದ್ದೆ. ತಿರುವಿನಲ್ಲಿ ನಾಲ್ಕು ಸಲ ಒತ್ತಿದೆ. "ಟಕ್ ಮೇಷ್ಟ್ರು ಬಂದ್ರು, ಜಾಗ ಬಿಡ್ರೇ" ಅಂತ ಹೆಂಗಸರು ರಸ್ತೆ ಬದಿಗೆ ಸರಿದು ಕಿಸಿಕಿಸಿ ನಕ್ಕರು. ಸಂತೆಯ ಬಾಗಿಲಲ್ಲಿ ಗೇರಿನ ತಂತಿ ಲಿವರಿನ ಹತ್ತಿರ ಎಳೆ ಬಿಚ್ಚಿಕೊಂಡಿತು. ಒಂದೇ ಕೈಯಲ್ಲಿ ಅದನ್ನು ತೂತಿಗೆ ಪೋಣಿಸಲು ಒದ್ದಾಡುತ್ತಿದ್ದೆ. ಹಿಂದಿನಿಂದ ಒಬ್ಬ ಬಂದು ಮಾತಿಲ್ಲದೆ ತಂತಿಯ ಇನ್ನೊಂದು ತುದಿ ಹಿಡಿದುಕೊಂಡ. ನಿಮ್ರೊತ್. ತುಟಿ ಕೆಂಪಾಗಿತ್ತು. ಯಾರ ಅಡಿಕೆ ಅಂತ ನಾನು ಕೇಳಲಿಲ್ಲ. ಎಳೆ ಚುಚ್ಚಿ ಅವನ ಹೆಬ್ಬೆರಳಲ್ಲಿ ರಕ್ತ ಬಂತು. ಬೆರಳನ್ನು ಚೀಪಿಕೊಂಡು ನಿನ್ನನ್ನು ಬೈದ.

ಆದ್ದರಿಂದ ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು. ಮುಂದಿನ ಹಡಗಿಗೆ ಎರಡು ಗೇರ್ ತಂತಿ ಹಾಕು. ಕಳಿಸುವ ಮುಂಚೆ ತುದಿಗೆ ಬೆಸುಗೆ ತವರ ಬಿಟ್ಟು ಗಟ್ಟಿ ಮಾಡಿಡು, ಎಳೆ ಬಿಚ್ಚದ ಹಾಗೆ.

ಮೆಲ್ಕಿ